ಕಳ್ಳಿಪೀರ ಮರಿಗೆ ಉಣಿಸುವುದನ್ನು ನೋಡಬೇಕೆ? ತಂತಿಗೆ ಕಣ್ಣಿಡಿ

ಹಕ್ಕಿಯ ಕೀಟಬೇಟೆ ನೋಡಲು ಕಲಿಯುವವರಿಗೆ ಬಯಲುಸೀಮೆಯಲ್ಲಿ ಕಳ್ಳಿಪೀರಕ್ಕಿಂತ ಒಳ್ಳೆಯ ಹಕ್ಕಿ ಸಿಗುವುದು ಕಷ್ಟ. ಸೂರಕ್ಕಿ, ಸಿಂಪಿಗಗಳು ಎಲೆಯ ಮರೆಯಲ್ಲಿ ಏನು ಹೆಕ್ಕಿದವೆಂಬುದೇ ತಿಳಿಯುವುದಿಲ್ಲ. ಕಳ್ಳಿಪೀರ ಬಯಲಲ್ಲೇ ಕೂರುತ್ತದೆ. ಹಾರುವ ಹುಳುವನ್ನು ಗಾಳಿಯಲ್ಲೇ ಕಚ್ಚಿ, ಹೆಚ್ಚಾಗಿ ಎದ್ದ ಜಾಗಕ್ಕೇ ಮರಳುತ್ತದೆ. ಮರಿಗೆ ಒಯ್ಯುವಾಗಲೂ ಒಂದು ಸಲಕ್ಕೆ ಒಂದೇ ಹುಳು, ಅದೂ ಕೊಕ್ಕಿನ ತುದಿಯಲ್ಲಿ, ನೋಡುವವರಿಗೆ ಕಾಣುವಂತೆ.

ಗುರುತು ಸುಲಭ. ಗುಬ್ಬಚ್ಚಿಗಿಂತ ಉದ್ದನೆಯ ತೆಳು ಮೈ, ಹಸಿರು ಬಣ್ಣ, ಕೆಂಪು ಕಣ್ಣನ್ನು ಹಾದುಹೋಗುವ ಕಪ್ಪು ಪಟ್ಟಿ, ಕತ್ತಿನಲ್ಲೊಂದು ಕಪ್ಪು ಗೆರೆ, ಬಾಲದ ನಡುವಿನಿಂದ ಹೊರಚಾಚಿದ ಸೂಜಿಯಂಥ ಎರಡು ಗರಿ.

ಬಿಲ ಹುಡುಕುವುದು

ನಮ್ಮ ಕಡೆ ಇದು ಮರಿಮಾಡುವ ಕಾಲ ಫೆಬ್ರುವರಿ–ಮಾರ್ಚ್‌ನಿಂದ ಜೂನ್‌ವರೆಗೆ. ಮರಿಗೆ ಉಣಿಸುವುದನ್ನು ನೋಡಲು ಏಪ್ರಿಲ್, ಮೇ ತಿಂಗಳು ಸೂಕ್ತ. ಗೂಡೆಂದರೆ ಮಣ್ಣಿನಲ್ಲಿ ಅಡ್ಡಲಾಗಿ ತೋಡಿದ ಬಿಲ. ಒಂದೂವರೆ ಮೀಟರ್‌ವರೆಗೂ ಒಳಹೋಗಬಹುದು. ಹಳ್ಳದ ದಡ, ಕೃಷಿಹೊಂಡದ ಪಕ್ಕೆ, ರಸ್ತೆಗೆಂದು ಮಣ್ಣು ತೆಗೆದ ಗುಂಡಿ, ಹೊಲದ ಬದು, ಇವನ್ನು ಮೊದಲು ನೋಡಿ. ಕೆಲವು ಜೋಡಿಗಳು ತುಸು ಇಳಿಜಾರಾದ ಬರಿನೆಲದಲ್ಲೇ ತೋಡುತ್ತವೆ. ದಾರಿಹೋಕರು ತುಳಿಯುವುದು ಇಂಥವನ್ನೇ.

ಬಿಲ ಬಳಕೆಯಲ್ಲಿದೆಯೇ ಎಂಬುದನ್ನು ದೂರದಿಂದಲೇ ತಿಳಿಯಬಹುದು. ಬಾಯಿಯ ಕೆಳಗೆ ಹೊಸ ಪುಡಿಮಣ್ಣು ಸುರಿದಿರುತ್ತದೆ. ಬಾಯಿಯ ತಳದಲ್ಲಿ ಹಕ್ಕಿಯ ಕಾಲು ಉಜ್ಜಿ ಆದ ಎರಡು ಸಣ್ಣ ಗೀರುಗಳು ಕಾಣುತ್ತವೆ. ಜೇಡರಬಲೆ ಕಟ್ಟಿದ್ದರೆ ಹಳೆಯ ಬಿಲ, ಬಿಟ್ಟುಬಿಡಿ. ಬೈನಾಕ್ಯುಲರ್ ಇಲ್ಲದೆ ಇದನ್ನೆಲ್ಲ ನೋಡಲಾಗದು. 8×42 (8 ಪಟ್ಟು ದೊಡ್ಡದು ಮಾಡುವ, 42 ಮಿ.ಮೀ. ಅಗಲದ ಮುಂಗಾಜಿನದು) ಸಾಕು, 10 ಪಟ್ಟು ದೊಡ್ಡದು ಮಾಡುವುದನ್ನು ಕೈಯಲ್ಲಿ ಹಿಡಿದರೆ ನಡುಕವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ.

ಕೂರುವ ಜಾಗವೇ ಮುಖ್ಯ

ಹೊಸಬರು ಎಡವುವುದು ಇಲ್ಲೇ. ಬಿಲದ ಬಾಯಿ ನೆಟ್ಟಗೆ ಕಾಣುವಂತೆ ಎದುರಿಗೆ ಕೂತುಬಿಡುತ್ತಾರೆ. ಹಕ್ಕಿ ಹುಳು ಕಚ್ಚಿಕೊಂಡು ತಂತಿಯ ಮೇಲೆ ಕೂರುತ್ತದೆ, ಬಾಲ ಅಲ್ಲಾಡಿಸುತ್ತದೆ, ಕೂಗುತ್ತದೆ, ಒಳಗೆ ಮಾತ್ರ ಹೋಗುವುದಿಲ್ಲ. ಕೊನೆಗೆ ಹುಳುವನ್ನು ತಾನೇ ನುಂಗುತ್ತದೆ. ಒಳಗಿನ ಮರಿಗೆ ಒಂದು ತುತ್ತು ತಪ್ಪಿತು.

ಪುಣೆಯ ಜೀವವಿಜ್ಞಾನಿ ಮಿಲಿಂದ್ ವಾಟ್ವೆ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ ನಡೆದದ್ದು ಈ ಹಕ್ಕಿಯ ಮೇಲೇ. ಒಂದೇ ದೂರದಲ್ಲಿ ಮನುಷ್ಯ ನಿಂತಿದ್ದರೂ, ಅವನಿಗೆ ಬಿಲ ಕಾಣುವಂತಿದ್ದರೆ ಹಕ್ಕಿ ಒಳಹೋಗಲು ಹೆಚ್ಚು ಹಿಂಜರಿಯಿತು. ಕಾಣದ ಜಾಗದಲ್ಲಿದ್ದರೆ ಅಷ್ಟು ಹಿಂಜರಿಯಲಿಲ್ಲ. ಎಷ್ಟು ಹತ್ತಿರ ಬಂದಿರಿ ಎನ್ನುವುದರ ಜೊತೆಗೆ ನಿಮಗೆ ಏನು ಕಾಣುತ್ತಿದೆ ಎನ್ನುವುದೂ ಅದರ ಲೆಕ್ಕದಲ್ಲಿದೆ.

ಆದ್ದರಿಂದ ಮೊದಲು 40 ಮೀಟರ್ ದೂರ ನಿಂತು, ಹಕ್ಕಿ ಬಿಲಕ್ಕೆ ಹೋಗುವ ಮುನ್ನ ಎಲ್ಲಿ ಕೂರುತ್ತದೆ ನೋಡಿ. ತಂತಿ, ಬೇಲಿಗೂಟ, ಒಣ ಜಾಲಿಕೊಂಬೆ, ಯಾವುದೋ ಒಂದು ಇದ್ದೇ ಇರುತ್ತದೆ. ಆಮೇಲೆ ಆ ತಂತಿ ಚೆನ್ನಾಗಿ ಕಾಣುವ, ಆದರೆ ಬಿಲದ ಬಾಯಿ ದಿಬ್ಬಕ್ಕೋ ಪೊದೆಗೋ ಮರೆಯಾಗುವ ಜಾಗ ಆರಿಸಿಕೊಳ್ಳಿ. ಸೂರ್ಯ ಬೆನ್ನಿಗಿರಲಿ. ತಂತಿಗೂ ಬಿಲಕ್ಕೂ ನಡುವಿನ ಹಾರುದಾರಿಯಲ್ಲಿ ಕೂರಬೇಡಿ. ಹಕ್ಕಿ ಬಿಲದತ್ತ ಇಳಿದು ಖಾಲಿ ಕೊಕ್ಕಿನಲ್ಲಿ ಮರಳಿದರೆ ಉಣಿಸಿತೆಂದು ತಿಳಿಯಬಹುದು. ನಿಂತ ಕಾರು ಒಳ್ಳೆಯ ಮರೆ. ಬಟ್ಟೆಯ ಬಣ್ಣದ ಬಗ್ಗೆ ಜನ ತಲೆಕೆಡಿಸಿಕೊಳ್ಳುವಷ್ಟು ಅಲ್ಲಾಡದೆ ಕೂರುವುದರ ಬಗ್ಗೆ ಕೆಡಿಸಿಕೊಳ್ಳುವುದಿಲ್ಲ.

ಹುಳು ಕಚ್ಚಿಕೊಂಡ ಹಕ್ಕಿ ಐದು ನಿಮಿಷವಾದರೂ ಇಳಿಯದಿದ್ದರೆ ಹತ್ತು ಹೆಜ್ಜೆ ಹಿಂದೆ ಸರಿಯಿರಿ. ಮತ್ತೂ ಇಳಿಯದಿದ್ದರೆ ಆ ದಿನ ಅಲ್ಲಿಂದ ಹೊರಟುಬಿಡಿ.

ನಸುಕಿನಲ್ಲೇ ಏಳಬೇಕಿಲ್ಲ

ಕಳ್ಳಿಪೀರ ಬೆಳಗಿನ ಸೋಮಾರಿ. ಸೂರ್ಯ ಹುಟ್ಟಿದ ಮೇಲೂ ತಂತಿಯಲ್ಲಿ ಒಂದಕ್ಕೊಂದು ಒತ್ತಿಕೊಂಡು, ಕೊಕ್ಕನ್ನು ಬೆನ್ನಗರಿಯಲ್ಲಿ ಹುದುಗಿಸಿ ಕೂತಿರುತ್ತದೆ. ಬಿಸಿಲೇರಿ ಹುಳು ಹಾರಬೇಕು, ಆಗಲೇ ಬೇಟೆ. ಏಳೂವರೆಯಿಂದ ಹತ್ತೂವರೆ, ಸಂಜೆ ನಾಲ್ಕರಿಂದ ಆರು ಒಳ್ಳೆಯ ಹೊತ್ತು. ಮೋಡ ಮುಸುಕಿದರೆ, ಜೋರು ಗಾಳಿ ಎದ್ದರೆ ಹುಳು ಹಾರಾಟವೂ ಉಣಿಸುವುದೂ ಇಳಿಯುತ್ತವೆ. ಅಂಥ ದಿನದ ಎಣಿಕೆಯನ್ನು ಬಿಸಿಲಿನ ದಿನದ್ದಕ್ಕೆ ಹೋಲಿಸಿ ‘ಹಕ್ಕಿ ಮರಿಯನ್ನು ಕೈಬಿಟ್ಟಿತು’ ಎಂದುಕೊಳ್ಳಬೇಡಿ.

ಕೊಕ್ಕಿನಲ್ಲಿರುವುದೇನು?

ಹುಳು ಯಾವುದೆಂದು ದೂರದಿಂದ ಕಾಣದಿದ್ದರೆ, ಹಕ್ಕಿ ಅದನ್ನು ಏನು ಮಾಡುತ್ತದೆ ನೋಡಿ. ಏರೋಪ್ಲೇನ್ ಚಿಟ್ಟೆ, ಮಿಡತೆಗಳನ್ನು ತಂತಿಗೆ ಬಡಿದು ಮೆತ್ತಗೆ ಮಾಡುತ್ತದೆ, ಅಷ್ಟೇ. ಜೇನ್ನೊಣ, ಕಣಜಗಳಿಗೆ ಉಪಚಾರ ಹೆಚ್ಚು. ಮೊದಲು ತಲೆ ಬಡಿಯುತ್ತದೆ, ಆಮೇಲೆ ಹಿಡಿತ ಬದಲಿಸಿ ಬಾಲದ ತುದಿಯ ಬಳಿ ಕಚ್ಚಿ ಕೊಂಬೆಗೆ ಉಜ್ಜುತ್ತದೆ. ಹೊಟ್ಟೆ ಅಮುಕಿ ವಿಷ ಹೊರಬರುತ್ತದೆ, ಕೊಂಡಿಯೂ ಕಳಚಬಹುದು. ಮತ್ತೆ ಬಡಿತ, ಮತ್ತೆ ಉಜ್ಜು. ಬಡಿದದ್ದು ಮಾತ್ರವೇ, ಉಜ್ಜಿದ್ದೂ ಉಂಟೇ ಎಂಬ ಒಂದೇ ಪ್ರಶ್ನೆಯಿಂದ ಕೊಂಡಿ ಇರುವ ಹುಳುಗಳನ್ನು ಬೇರೆ ಮಾಡಬಹುದು.

ಟಿಪ್ಪಣಿ ಪುಸ್ತಕದಲ್ಲಿ ಐದೇ ಕಲಮು ಸಾಕು: ಸಮಯ, ಹುಳು, ಗಾತ್ರ, ಬಡಿತವೋ ಉಜ್ಜೋ, ಎಲ್ಲಿಗೆ ಹೋಯಿತು. ಗಾತ್ರವನ್ನು ಸೆಂಟಿಮೀಟರಿನಲ್ಲಿ ಊಹಿಸಲು ಹೋಗಬೇಡಿ. ಕೊಕ್ಕಿನ ಅರ್ಧ, ಕೊಕ್ಕಿನಷ್ಟು, ಕೊಕ್ಕಿಗಿಂತ ದೊಡ್ಡದು ಎಂದು ಬರೆದರಾಯಿತು. ‘8.12, ಏರೋಪ್ಲೇನ್ ಚಿಟ್ಟೆ, ದೊಡ್ಡದು, ಬಡಿತ, ಬಿಲಕ್ಕೆ.’ ಹುಳು ತಿಳಿಯದಿದ್ದರೆ ‘ತಿಳಿಯದು’ ಎಂದೇ ಬರೆಯಿರಿ. ಒಂದೊಂದು ಗಂಟೆಯ ಕಂತಿನಲ್ಲಿ, ಬೇರೆ ಬೇರೆ ದಿನ ಅದೇ ಹೊತ್ತಿಗೆ ನೋಡಿದರೆ ಹೋಲಿಕೆಗೆ ಬರುತ್ತದೆ.

ಹಕ್ಕಿ ಹುಳು ಕಚ್ಚಿಕೊಂಡಿದೆ ಎಂದಾಕ್ಷಣ ಮರಿ ಇದೆ ಎನ್ನುವಂತಿಲ್ಲ. ಮೊಟ್ಟೆಯಿಡುವ ಮೊದಲು ಗಂಡು ಹೆಣ್ಣಿಗೆ ತಂತಿಯ ಮೇಲೇ ಹುಳು ತಿನಿಸುತ್ತದೆ. ಮೂರರಿಂದ ಐದು ಬಿಳಿ ಮೊಟ್ಟೆ, ಸುಮಾರು ಎರಡು ವಾರ ಕಾವು. ಆಗ ಜೋಡಿ ಸರದಿಯಂತೆ ಖಾಲಿ ಕೊಕ್ಕಿನಲ್ಲೇ ಒಳಹೋಗಿ ಬರುತ್ತದೆ. ಹುಳು ಮತ್ತೆ ಮತ್ತೆ ಬಿಲದೊಳಕ್ಕೆ ಹೋಗತೊಡಗಿದರೆ ಮರಿಯಾಗಿದೆ. ನೋಡಲು ಗಂಡು ಹೆಣ್ಣು ಒಂದೇ ಥರ, ಹಾಗಾಗಿ ‘ಅಪ್ಪ ತಂದದ್ದು, ಅಮ್ಮ ತಂದದ್ದು’ ಎಂಬ ಕಲಮು ಬೇಡ. ಕೆಲವು ಬಿಲಗಳಿಗೆ ಮೂರನೆಯ ಹಕ್ಕಿಯೂ ಹುಳು ತರುತ್ತದೆ. ಈ ನೆರವು ಹಕ್ಕಿಗಳ ಬಗ್ಗೆ ಎಸ್. ಶ್ರೀಧರ್ ಮತ್ತು ಕೆ. ಪ್ರವೀಣ್ ಕಾರಂತ್ 1993ರಲ್ಲೇ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದಿದ್ದರು. ತಂತಿಯಲ್ಲಿ ಮೂರು ಹಕ್ಕಿ ಕಂಡರೆ ಎರಡು ಬಿಲಗಳಿವೆ ಎಂದು ತೀರ್ಮಾನಿಸುವ ಮುನ್ನ ಮೂರೂ ಎಲ್ಲಿಗೆ ಇಳಿಯುತ್ತವೆ ನೋಡಿ.

ಮಾಡಬಾರದ್ದು

ಬಿಲದ ಮುಂದಿನ ಹುಲ್ಲು ಕೀಳುವುದು, ಒಳಗೆ ಟಾರ್ಚ್ ಬಿಡುವುದು, ಮೊಬೈಲ್ ಇಟ್ಟು ಬರುವುದು, ಕೂಗಿನ ರೆಕಾರ್ಡಿಂಗ್ ಹಾಕುವುದು, ಎಲ್ಲವೂ ಕೆಡುಕೇ. ಹುಲ್ಲು ಕಿತ್ತರೆ ಬಾಯಿ ನಾಯಿ, ಮುಂಗುಸಿಗಳಿಗೂ ತೆರೆದುಕೊಳ್ಳುತ್ತದೆ. ದಂಡೆಯ ಮೇಲ್ಭಾಗದಲ್ಲಿ ನಡೆದಾಡಿದರೆ ಸಡಿಲ ಮಣ್ಣು ಕುಸಿದು ಬಿಲ ಮುಚ್ಚಬಹುದು. ಮರಿಯಿರುವಾಗ ಫೋಟೊ ಜೊತೆ ಜಾಗದ ಹೆಸರು ಹಂಚಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಕ್ಷಿತ ಹಕ್ಕಿಯ ಗೂಡು, ಮೊಟ್ಟೆಗಳಿಗೆ ತೊಂದರೆ ಕೊಡುವುದೂ ಬೇಟೆಯೇ.

ಹಾರಿದ ಮೇಲೆ

ಹುಟ್ಟಿದ ಮೂರರಿಂದ ನಾಲ್ಕು ವಾರಕ್ಕೆ ಮರಿಗಳು ಹೊರಬರುತ್ತವೆ. ಅದಕ್ಕೆ ಮುಂಚಿನ ದಿನಗಳಲ್ಲಿ ಬಿಲದ ಬಾಯಿಗೇ ಬಂದು ತುತ್ತು ಕಸಿಯುತ್ತವೆ. ಹಾರಿದ ಮೇಲೂ ಕೆಲವು ದಿನ ತಂತಿಯಲ್ಲೇ ಉಣಿಸುವುದು ನಡೆಯುತ್ತದೆ. ಹೊಸಬರಿಗೆ ಇದೇ ಅತಿ ಸುಲಭದ ನೋಟ, ಬಿಲದ ಆತಂಕವೂ ಇಲ್ಲ. ಬಾಲದಲ್ಲಿ ಸೂಜಿಗರಿ ಇಲ್ಲದ, ಕತ್ತಿನ ಕಪ್ಪು ಗೆರೆ ಮಸುಕಾದ ಹಕ್ಕಿಯೇ ಮರಿ.

ಬಿಲ ಖಾಲಿಯಾದ ಬಳಿಕ ತಂತಿಯ ಕೆಳಗೆ ಹುಡುಕಿ. ಜೀರ್ಣವಾಗದ ಚೂರುಗಳನ್ನು ಕಳ್ಳಿಪೀರ ಉಂಡೆಕಟ್ಟಿ ಕಕ್ಕುತ್ತದೆ. ಕಪ್ಪಗೆ, ಒಣಗಿ, ಮುಟ್ಟಿದರೆ ಪುಡಿಯಾಗುವಂತಿರುತ್ತವೆ. ಬೆಂಕಿಪೊಟ್ಟಣದಲ್ಲಿ ತಂದು, ಬಿಳಿ ತಟ್ಟೆಯ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಹಲ್ಲುಕಡ್ಡಿಯಿಂದ ಬಿಡಿಸಿ, ಭೂತಗನ್ನಡಿಯಲ್ಲಿ ನೋಡಿ. ಜೀರುಂಡೆಯ ಹೊಳೆಯುವ ಗಟ್ಟಿ ರೆಕ್ಕೆ, ಜೇನ್ನೊಣದ ರೆಕ್ಕೆಚೂರು, ಇರುವೆಯ ತಲೆ ಸಿಗಬಹುದು. ಪುಸ್ತಕದಲ್ಲಿ ‘ತಿಳಿಯದು’ ಎಂದು ಬರೆದ ಹುಳುಗಳಲ್ಲಿ ಕೆಲವು ಏನಿದ್ದಿರಬಹುದೆಂಬ ಸುಳಿವು ಇಲ್ಲಿ ದೊರೆಯುತ್ತದೆ. ಕೆಲಸ ಮುಗಿದ ಮೇಲೆ ಕೈಯನ್ನು ಸೋಪು ಹಾಕಿ ತೊಳೆಯಿರಿ.