ಮ್ಯಾನಿಫೋಲ್ಡ್ ಕೊಳ್ಳುವ ಮೊದಲು ಟ್ಯಾಕೋಮೀಟರ್ ನೋಡಿ

ನಮ್ಮ ಮನೆಯ ಬೇಸ್‌ಮೆಂಟಿನ ಕಿಟಕಿ ಕೆಳಗೆ ಒಂದು ಅಲ್ಯೂಮಿನಿಯಂ ಇಂಟೇಕ್ ಮ್ಯಾನಿಫೋಲ್ಡ್ ಏಳು ವರ್ಷದಿಂದ ಕೂತಿದೆ. ಕಾರ್ಬ್ಯುರೇಟರಿನಿಂದ ಬರುವ ಗಾಳಿ, ಪೆಟ್ರೋಲನ್ನು ಎಂಜಿನ್ನಿನ ಸಿಲಿಂಡರುಗಳಿಗೆ ಹಂಚುವ ಕೊಳವೆಗಳ ಗೊಂಚಲು ಅದು. ಅಕ್ಟೋಬರ್ ಬಂದರೆ ಅದರ ಮೇಲೆ ಕರಿಬೇವಿನ ಕುಂಡ ಏರುತ್ತದೆ. ಕುಂಡಕ್ಕೆ ಅದು ಹೇಳಿ ಮಾಡಿಸಿದ ಪೀಠ. ನನ್ನ ಕಾರಿಗೆ ಮಾತ್ರ ಒಗ್ಗಲಿಲ್ಲ.

ಕಾರು 1972ರ ಶೆವರ್ಲೆ ನೋವಾ. 350 ಕ್ಯೂಬಿಕ್ ಇಂಚಿನ ಸ್ಮಾಲ್ ಬ್ಲಾಕ್ ವಿ8 ಎಂಜಿನ್, ಅಂದರೆ 5.7 ಲೀಟರ್. ಮೂರು ಗೇರಿನ ಆಟೋಮ್ಯಾಟಿಕ್, ಹಿಂದಿನ ಆಕ್ಸಲ್ ಅನುಪಾತ 3.08, ಅಂದರೆ ಚಕ್ರ ಒಂದು ಸುತ್ತು ತಿರುಗಲು ಡ್ರೈವ್ ಶಾಫ್ಟ್ 3.08 ಸುತ್ತು. ಎಂಜಿನ್ ಬಿಚ್ಚಿ ಕಟ್ಟಿದ ಚಳಿಗಾಲದಲ್ಲಿ, ರೇಸ್ ಗಾಡಿಗಳ ಫೋಟೋ ನೋಡಿ ನೋಡಿ, ದೊಡ್ಡ ಸಿಂಗಲ್ ಪ್ಲೇನ್ (ಎಂಟೂ ಸಿಲಿಂಡರಿಗೆ ಒಂದೇ ಕೋಣೆಯ) ಮ್ಯಾನಿಫೋಲ್ಡ್ ತಂದು ಕೂರಿಸಿದೆ. ಆಗಸ್ಟಿನಲ್ಲಿ ಡೆಟ್ರಾಯಿಟ್ ಹತ್ತಿರದ ವುಡ್‌ವರ್ಡ್ ಅವೆನ್ಯೂಗೆ ಹೋದೆ. ಸಿಗ್ನಲ್ ಹಸಿರಾಯಿತು, ಪೆಡಲ್ ಒತ್ತಿದೆ. ಗಾಡಿ ಒಂದು ಸಲ ಕೆಮ್ಮಿ ಯೋಚನೆ ಮಾಡಿತು. ಪಕ್ಕದಲ್ಲಿದ್ದ ಮಿನಿವ್ಯಾನ್ ಮುಂದೆ ಹೋಯಿತು. ಅದರ ಹಿಂದಿನ ಸೀಟಿನಿಂದ ಒಂದು ಮಗು ಕೈ ಬೀಸಿತು.

ತಪ್ಪು ಮ್ಯಾನಿಫೋಲ್ಡಿನದಲ್ಲ. 6,500 ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಮಾಡಿದ ಸಾಮಾನನ್ನು ನಾನು 2,000ದಲ್ಲಿ ಓಡಿಸುತ್ತಿದ್ದೆ.

ಆದ್ದರಿಂದ ಕ್ಯಾಟಲಾಗ್ ತೆಗೆಯುವ ಮೊದಲು ಒಂದು ವಾರ ಮಾಮೂಲಿನಂತೆ ಗಾಡಿ ಓಡಿಸಿ, ಆರ್‌ಪಿಎಂ ತೋರಿಸುವ ಟ್ಯಾಕೋಮೀಟರ್ ಮುಳ್ಳು ಹೆಚ್ಚು ಹೊತ್ತು ಎಲ್ಲಿ ನಿಲ್ಲುತ್ತದೆ ಎಂದು ಬರೆದಿಡಿ. ಟ್ಯಾಕೋಮೀಟರ್ ಇಲ್ಲದಿದ್ದರೆ ಲೆಕ್ಕ ಹಾಕಬಹುದು: ಮೈಲಿ ವೇಗವನ್ನು ಆಕ್ಸಲ್ ಅನುಪಾತದಿಂದ ಗುಣಿಸಿ, ಮತ್ತೆ 336ರಿಂದ ಗುಣಿಸಿ, ಚಕ್ರದ ಎತ್ತರದ ಇಂಚುಗಳಿಂದ ಭಾಗಿಸಿ. ನನ್ನದು 26 ಇಂಚಿನ ಟೈರು. ಟಾಪ್ ಗೇರಿನಲ್ಲಿ 60 ಮೈಲಿ ಅಂದರೆ ಸುಮಾರು 2,400. ಆಕ್ಸಲ್ 3.73 ಇದ್ದಿದ್ದರೆ ಸುಮಾರು 2,900. ಕಾಲು ಊರಿದಾಗ 5,000 ಮುಟ್ಟುತ್ತದೆ, ನಿಜ. ಅದು ದಿನಕ್ಕೆ ಎಷ್ಟು ಸೆಕೆಂಡ್?

ಈಗ ಮ್ಯಾನಿಫೋಲ್ಡ್ ಪೆಟ್ಟಿಗೆಯ ಮೇಲಿನ ಆರ್‌ಪಿಎಂ ಅಂಕಿ ಓದಿ. ಮ್ಯಾನಿಫೋಲ್ಡ್ ತಯಾರಿಸುವ ಎಡೆಲ್‌ಬ್ರಾಕ್‌ನವರ ಪಟ್ಟಿಯನ್ನೇ ತೆಗೆದುಕೊಂಡರೆ, ಪರ್ಫಾರ್ಮರ್ ಐಡಲ್‌ನಿಂದ 5,500ರವರೆಗೆ, ಪರ್ಫಾರ್ಮರ್ ಆರ್‌ಪಿಎಂ 1,500ರಿಂದ 6,500, ವಿಕ್ಟರ್ ಜೂನಿಯರ್ 3,500ರಿಂದ 8,000. ಎಲ್ಲರ ಕಣ್ಣೂ ಎರಡನೇ ಅಂಕಿಯ ಮೇಲೆ ಬೀಳುತ್ತದೆ. ನೀವು ಮೊದಲನೆಯದನ್ನು ನೋಡಿ. ನಿಮ್ಮ ವಾರದ ಟಿಪ್ಪಣಿ ಅದಕ್ಕಿಂತ ಕೆಳಗಿದ್ದರೆ ಆ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟುಬಿಡಿ.

ಯಾಕೆ ಹೀಗೆ? ನಾನು ಮಂಡ್ಯದ ಕಡೆಯವನು, ಕಾಲುವೆಯ ಲೆಕ್ಕದಲ್ಲೇ ಹೇಳುತ್ತೇನೆ. ಇರೋ ನೀರನ್ನು ಸಣ್ಣ ಕಾಲುವೆಗೆ ಬಿಟ್ಟರೆ ರಭಸವಾಗಿ ಗದ್ದೆಯ ಕೊನೆ ಮುಟ್ಟುತ್ತದೆ. ಅಗಲ ಕಾಲುವೆಗೆ ಬಿಟ್ಟರೆ ಅಲ್ಲಲ್ಲೇ ನಿಂತು ಹೂಳು ಬೀಳುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಮ್ಮಿ. ಡುಮ್ಮ ರನ್ನರಿನಲ್ಲಿ (ಒಂದೊಂದು ಸಿಲಿಂಡರಿಗೆ ಹೋಗುವ ಕೊಳವೆ) ಅದು ನಿಧಾನವಾಗಿ, ಪೆಟ್ರೋಲಿನ ಹನಿಗಳು ಗೋಡೆಗೆ ಅಂಟಿಕೊಳ್ಳುತ್ತವೆ. ಇದರ ಜೊತೆಗೆ ಇನ್ನೊಂದು ಸಂಗತಿ. ಈ ಎಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-8-4-3-6-5-7-2. ಡ್ಯುಯಲ್ ಪ್ಲೇನ್‌ನಲ್ಲಿ ಕಾರ್ಬ್ಯುರೇಟರಿನ ಕೆಳಗೆ ಎರಡು ಮಹಡಿ: 1, 4, 6, 7 ಒಂದರಿಂದ, 8, 3, 5, 2 ಇನ್ನೊಂದರಿಂದ ಉಸಿರಾಡುತ್ತವೆ. ಒಂದೊಂದು ಮಹಡಿಗೂ ಸರದಿ ಎಂಜಿನ್ ಅರ್ಧ ಸುತ್ತು (180 ಡಿಗ್ರಿ) ತಿರುಗಿದಾಗೊಮ್ಮೆ, ಒಬ್ಬರ ಉಸಿರನ್ನು ಇನ್ನೊಬ್ಬರು ಕಸಿಯುವುದು ಕಮ್ಮಿ. ಸಿಂಗಲ್ ಪ್ಲೇನ್‌ನಲ್ಲಿ ಎಂಟೂ ಒಂದೇ ಕೋಣೆಯಿಂದ ಎಳೆಯುತ್ತವೆ. ರನ್ನರ್ ನೇರ, ಗಿಡ್ಡ. ಮೇಲಿನ ಆರ್‌ಪಿಎಂಗೆ ಅದೇ ಸರಿ, ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಅಲ್ಲ.

ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಯುವ ಶಾಫ್ಟ್) ಮತ್ತು ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಟೋಮ್ಯಾಟಿಕ್ ಗೇರಿಗೆ ದಾಟಿಸುವ ಭಾಗ) ಇದೇ ಅಂಕಿಗೆ ಒಪ್ಪಬೇಕು. ಕ್ಯಾಮ್ ಕಾರ್ಡಿನಲ್ಲಿ 0.050 ಇಂಚಿನ ಡ್ಯುರೇಶನ್, ಅಂದರೆ ಕ್ಯಾಮ್ ವಾಲ್ವನ್ನು ತೆರೆದಿಡುವ ಅವಧಿ, 230 ಡಿಗ್ರಿಗಿಂತ ಕೆಳಗಿದ್ದರೆ ನಾನು ಡ್ಯುಯಲ್ ಪ್ಲೇನ್ ಬಿಟ್ಟು ಬೇರೆ ಯೋಚಿಸುವುದಿಲ್ಲ. ದೊಡ್ಡ ಕ್ಯಾಮ್, ಹೈ ಸ್ಟಾಲ್ (ಹೆಚ್ಚಿನ ಆರ್‌ಪಿಎಂನಲ್ಲಿ ಹಿಡಿಯುವ) ಕನ್ವರ್ಟರ್, 4.10 ಆಕ್ಸಲ್ ಮೂರೂ ಇದ್ದರೆ ಸಿಂಗಲ್ ಪ್ಲೇನ್ ಹಾಕಿ, ನಾನು ಬೇಡ ಅನ್ನುವುದಿಲ್ಲ. ಮೂರರಲ್ಲಿ ಒಂದೇ ಇದ್ದರೆ ನನ್ನ ಬೇಸ್‌ಮೆಂಟ್ ನೆನಪಿಸಿಕೊಳ್ಳಿ.

ಸ್ವಾಪ್ ಮೀಟಿನಲ್ಲಿ (ಹಳೇ ಬಿಡಿಭಾಗಗಳ ಸಂತೆ) ಹಳೇದು ಕೊಳ್ಳುವವರು ಬೋಲ್ಟಿನ ತೂತು ಎಣಿಸಿ. 1986ರವರೆಗಿನ ಹೆಡ್ಡಿಗೆ (ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ, ಮ್ಯಾನಿಫೋಲ್ಡ್ ಕೂರುವ ಭಾಗ) 12 ಬೋಲ್ಟ್. 1987ರಿಂದ 95ರವರೆಗಿನ ಎರಕದ ಕಬ್ಬಿಣದ ಹೆಡ್ಡಿನಲ್ಲೂ 12, ಆದರೆ ಮಧ್ಯದ ನಾಲ್ಕರ ಓರೆ ಬೇರೆ. 1996ರಲ್ಲಿ ಬಂದ ವೋರ್ಟೆಕ್ ಹೆಡ್ಡಿಗೆ ಎಂಟೇ. ಮೂರೂ ಒಂದೇ ಸ್ಮಾಲ್ ಬ್ಲಾಕ್ ಮೇಲೆ ಕೂರುತ್ತವೆ, ಅದೇ ಗೊಂದಲಕ್ಕೆ ಮೂಲ. ಒಂದು ಉಕ್ಕಿನ ಪಟ್ಟಿ ಒಯ್ದು ಗ್ಯಾಸ್ಕೆಟ್ ಮೇಲ್ಮೈ ಸಮ ಇದೆಯೇ ನೋಡಿ; ಕೂಲಂಟ್ ತೂತಿನ ಸುತ್ತ ಅಲ್ಯೂಮಿನಿಯಂ ತಿಂದುಹೋಗಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಪೋರ್ಟಿಗೆ ಗ್ಯಾಸ್ಕೆಟ್ ಇಟ್ಟು ಅಳೆಯಿರಿ. ಮ್ಯಾನಿಫೋಲ್ಡಿನ ಬಾಯಿ ಹೆಡ್ಡಿನದಕ್ಕಿಂತ ಕೊಂಚ ಚಿಕ್ಕದಿದ್ದರೆ ನಡೆಯುತ್ತದೆ. ದೊಡ್ಡದಿದ್ದರೆ ಗಾಳಿ ಗೋಡೆಗೆ ಹೊಡೆಯುತ್ತದೆ.

ಕಾರ್ಬ್ಯುರೇಟರಿನ ಬುಡ ಸ್ಕ್ವೇರ್ ಬೋರೋ (ನಾಲ್ಕು ತೂತೂ ಹೆಚ್ಚುಕಮ್ಮಿ ಒಂದೇ ಗಾತ್ರ) ಸ್ಪ್ರೆಡ್ ಬೋರೋ (ಹಿಂದಿನೆರಡು ದೊಡ್ಡವು) ತಿಳಿದುಕೊಳ್ಳಿ. ಕ್ವಾಡ್ರಾಜೆಟ್ ಕಾರ್ಬ್ಯುರೇಟರ್ ಆದರೆ ಸ್ಪ್ರೆಡ್. ಅಳತೆಗೆ 350 ಕ್ಯೂಬಿಕ್ ಇಂಚನ್ನು 6,000 ಆರ್‌ಪಿಎಂನಿಂದ ಗುಣಿಸಿ 3,456ರಿಂದ ಭಾಗಿಸಿದರೆ 608. ಎಂಜಿನ್ 85 ಶೇಕಡಾ ತುಂಬಿಕೊಳ್ಳುತ್ತದೆ ಅಂದುಕೊಂಡರೂ ಸುಮಾರು 516 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ). 600 ಧಾರಾಳ. 750 ಹಾಕಿಸುವವರು ಅಕ್ಕಪಕ್ಕದವರಿಗೆ ಹೇಳಿಕೊಳ್ಳಲು ಹಾಕಿಸುತ್ತಾರೆ.

ಏರ್ ಗ್ಯಾಪ್ ಮಾದರಿಯಲ್ಲಿ ರನ್ನರುಗಳು ಬಿಸಿ ಎಣ್ಣೆ ಎರಚುವ ಕಣಿವೆಯಿಂದ ಮೇಲಕ್ಕೆ ಎದ್ದಿರುತ್ತವೆ. ಗಾಳಿ ತಂಪು, ಸಾಂದ್ರ. ಅರಿಜೋನಾದಲ್ಲಿದ್ದರೆ ಕಣ್ಣು ಮುಚ್ಚಿ ಕೊಳ್ಳಿ. ಮಿಶಿಗನ್ನಿನ ಏಪ್ರಿಲ್ ಬೆಳಿಗ್ಗೆಗೆ ಎಕ್ಸಾಸ್ಟ್ ಬಿಸಿ ಹಾಯುವ ಹಳೇ ರೀತಿಯದೇ ವಾಸಿ, ಇಲ್ಲವಾದರೆ ಗಾಡಿ ಬಿಸಿಯಾಗುವವರೆಗೆ ಡ್ರೈವ್‌ವೇಯಲ್ಲೇ ಎರಡು ಕಾಫಿ ಮುಗಿಯುತ್ತದೆ. ಕ್ಯಾಲಿಫೋರ್ನಿಯಾದವರು ಇನ್ನೊಂದು ನೋಡಬೇಕು: 1976 ಮತ್ತು ಆಮೇಲಿನ ಪೆಟ್ರೋಲ್ ಗಾಡಿಗೆ ಸ್ಮಾಗ್ ಪರೀಕ್ಷೆ ಇದೆ, ಮ್ಯಾನಿಫೋಲ್ಡಿಗೆ ಅಲ್ಲಿನ ಏರ್ ಬೋರ್ಡಿನ ಇಒ (ಅನುಮತಿ ಆದೇಶ) ನಂಬರ್ ಇರಲೇಬೇಕು.

ಬಾನೆಟ್ಟಿನ ಎತ್ತರ ಮರೆಯುವವರೇ ಹೆಚ್ಚು. ಹಳೇ ಮ್ಯಾನಿಫೋಲ್ಡ್ ಇರುವಾಗಲೇ ಏರ್ ಕ್ಲೀನರ್ ಮುಚ್ಚಳದ ಮೇಲೆ ಚಪಾತಿ ಹಿಟ್ಟಿನ ನಾಲ್ಕು ಉಂಡೆ ಇಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿ, ಬಾನೆಟ್ ಮೆಲ್ಲಗೆ ಮುಚ್ಚಿ ತೆಗೆಯಿರಿ. ಅಪ್ಪಚ್ಚಿಯಾದ ಉಂಡೆಯ ದಪ್ಪವೇ ನಿಮಗಿರುವ ಜಾಗ. ಹೊಸದು ಹಳೇದಕ್ಕಿಂತ ಎಷ್ಟು ಎತ್ತರವೋ ಅಷ್ಟನ್ನು ಕಳೆದು ಮುಕ್ಕಾಲು ಇಂಚಾದರೂ ಉಳಿಯಬೇಕು, ಕಾಲು ಊರಿದಾಗ ಎಂಜಿನ್ ಮೌಂಟಿನ ಮೇಲೆ ವಾಲುತ್ತದೆ. ನಮ್ಮ ಮನೆಯಲ್ಲಿ ಆ ಹಿಟ್ಟಿನ ಬಗ್ಗೆ ಇವತ್ತಿಗೂ ಮಾತು ಬರುತ್ತದೆ.

ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ತೂತು, ಪಿಸಿವಿ (ಎಂಜಿನ್ನೊಳಗಿನ ಆವಿ ಎಳೆಯುವ ವಾಲ್ವ್), ಥ್ರಾಟಲ್ ಕೇಬಲ್ ಬ್ರಾಕೆಟ್, ಟೆಂಪರೇಚರ್ ಸೆಂಡರ್ ಜಾಗ ಎಲ್ಲ ಇದೆಯೇ ಒಮ್ಮೆ ಕಣ್ಣಾಡಿಸಿ.

ಕೂರಿಸುವಾಗ ಡಿಸ್ಟ್ರಿಬ್ಯೂಟರ್ (ಸಿಲಿಂಡರುಗಳಿಗೆ ಕಿಡಿ ಹಂಚುವ ಭಾಗ) ತೆಗೆಯುವ ಮೊದಲು ಅದರೊಳಗಿನ ರೋಟರ್ ಎತ್ತ ತೋರಿಸುತ್ತಿದೆ ಎಂದು ಗುರುತು ಹಾಕಿ. ಗ್ಯಾಸ್ಕೆಟ್ ಸೆಟ್ಟಿನಲ್ಲಿ ಬರುವ ಮುಂದಿನ ಹಿಂದಿನ ಕಾರ್ಕ್ ಪಟ್ಟಿಗಳನ್ನು ಕಸಕ್ಕೆ ಹಾಕಿ, ಅಲ್ಲಿ ಕಾಲು ಇಂಚು ದಪ್ಪ ಆರ್‌ಟಿವಿ ಸಿಲಿಕೋನ್ ಎಳೆಯಿರಿ. ಬೋಲ್ಟ್ ಮಧ್ಯದಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಹಳೇ ಹೆಡ್ಡಿಗೆ 25 ಫುಟ್ ಪೌಂಡ್, ವೋರ್ಟೆಕ್‌ಗೆ 11 ಸಾಕು. ಎರಡು ವಾರ ಓಡಿಸಿ, ಎಂಜಿನ್ ತಣ್ಣಗಿರುವಾಗ ಮತ್ತೊಮ್ಮೆ ಟಾರ್ಕ್ ನೋಡಿ. ನನ್ನ ಡ್ಯುಯಲ್ ಪ್ಲೇನ್‌ನಲ್ಲಿ ಹಿಂದಿನ ಎರಡು ಬೋಲ್ಟ್ ಅರ್ಧ ಸುತ್ತು ಸಡಿಲವಾಗಿದ್ದವು.