ಲೋಹದ ಲೇತ್‌ನಲ್ಲಿ ಮರ ಕಡೆಯುವುದು

ಕಬ್ಬಿಣ ಕಡೆಯುವ ಲೇತ್ ಮರವನ್ನೂ ಚೆನ್ನಾಗಿಯೇ ಕಡೆಯುತ್ತದೆ. ಜೋಪಾನ ಮಾಡಬೇಕಾದ್ದು ಲೇತನ್ನೇ. ಮರದ ಹೊಟ್ಟು ಬೆಡ್ (ಲೇತ್‌ನ ಉದ್ದನೆಯ ತಳಹಳಿ) ಮೇಲಿನ ಎಣ್ಣೆಯನ್ನೆಲ್ಲ ಹೀರಿಕೊಳ್ಳುತ್ತದೆ, ಎಣ್ಣೆಯೊಂದಿಗೆ ಕಲಸಿ ಸ್ಲೈಡ್‌ಗಳ, ಅಂದರೆ ಜಾರುವ ಭಾಗಗಳ, ಸಂದಿಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಹಸಿ ಮರವಾದರಂತೂ ತೇವ ಮತ್ತು ಒಗರು ಸೇರಿ ಬೇಗ ತುಕ್ಕು ಹಿಡಿಸುತ್ತವೆ.

ಹಾಗಾಗಿ ಮೊದಲು ಬೆಡ್ ಒರೆಸಿ, ದಪ್ಪ ಕಾಗದ ಹಾಸಿ, ಅಂಚುಗಳಿಗೆ ಅಯಸ್ಕಾಂತ ಇಡಿ. ಬಟ್ಟೆ ಬೇಡ, ತುಂಡನ್ನು ಹಿಡಿದು ತಿರುಗುವ ಚಕ್‌ಗೆ ಸುತ್ತಿಕೊಳ್ಳುತ್ತದೆ. ಚಕ್ಕನ್ನು ತಿರುಗಿಸುವ ಟೊಳ್ಳು ಅಚ್ಚಾದ ಸ್ಪಿಂಡಲ್‌ನ ಹಿಂದಿನ ರಂಧ್ರಕ್ಕೆ ಬಿರಡೆ ಹಾಕಿ. ಉಪಕರಣವನ್ನು ತಾನಾಗಿ ಸರಿಸುವ ಫೀಡ್ ಲಿವರ್ ನ್ಯೂಟ್ರಲ್‌ನಲ್ಲಿರಲಿ, ಸ್ಕ್ರೂ ದಾರ ಕೊರೆಯಲು ಬಳಸುವ ಹಾಫ್ ನಟ್ ತೆರೆದಿರಲಿ.

ಚೌಕದ ತುಂಡಿಗೆ ನಾಲ್ಕು ಜಾ (ದವಡೆ) ಚಕ್ ಸರಿ. ತಟ್ಟೆ, ಬಟ್ಟಲಿಗೆ ಫೇಸ್ ಪ್ಲೇಟ್ (ಚಕ್ ಬದಲು ಕೂರಿಸುವ ರಂಧ್ರಗಳ ದುಂಡು ಫಲಕ) ಮತ್ತು ಮರದೊಳಗೆ 20 ಮಿ.ಮೀ.ಯಾದರೂ ಇಳಿಯುವ ಸ್ಕ್ರೂಗಳು. ತುಂಡಿನ ಇನ್ನೊಂದು ತುದಿಗೆ ಆಸರೆಯಾಗುವ ಟೇಲ್‌ಸ್ಟಾಕ್‌ನಲ್ಲಿ ತಿರುಗುವ ಸೆಂಟರ್ (ಮೊನೆ) ಮಾತ್ರ ಬಳಸಿ. ನಿಶ್ಚಲ ಸೆಂಟರ್ ಮರವನ್ನು ಸುಡುತ್ತದೆ, ಚೂಪು ಮೊನೆ ಸಣ್ಣ ತುಂಡನ್ನು ಸೀಳುತ್ತದೆ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದ್ದು ಉಳಿಯ ಆಸರೆಗೆ. ಲೋಹ ಕತ್ತರಿಸುವ ಬಿಟ್ಟನ್ನು ಹಿಡಿಯುವ ಟೂಲ್ ಪೋಸ್ಟ್ ತೆಗೆದು, 20 ಮಿ.ಮೀ. ದುಂಡು ಸರಳಿನ ಕಾಲಿಗೆ ಅಡ್ಡ ಸರಳು ಬೆಸೆದು, 'ಟಿ' ಆಕಾರದ ರೆಸ್ಟ್ ಮಾಡಿ ಕ್ರಾಸ್ ಸ್ಲೈಡ್ (ಅಡ್ಡಕ್ಕೆ ಜಾರುವ ಭಾಗ) ಮೇಲೆ ಬಿಗಿಯಿರಿ. ರೆಸ್ಟ್‌ನ ಮೇಲಂಚು ಸೆಂಟರ್‌ಗಿಂತ ತುಸು ಕೆಳಗಿರಲಿ, ಮರಕ್ಕೂ ಅದಕ್ಕೂ ನಡುವೆ 3ರಿಂದ 5 ಮಿ.ಮೀ. ಅಂತರ ಸಾಕು. ಕಡೆದಂತೆ ಮರ ಸವೆದು ಅಂತರ ಹಿಗ್ಗುತ್ತದೆ. ಹಿಗ್ಗಿದಾಗ ಉಳಿ ಒಮ್ಮೆಲೇ ಸಿಕ್ಕಿಕೊಂಡು ಕೆಳಕ್ಕೆ ಎಳೆಯುತ್ತದೆ. ಆಗಾಗ ಲೇತ್ ನಿಲ್ಲಿಸಿ, ರೆಸ್ಟನ್ನು ಹತ್ತಿರ ತನ್ನಿ. ಹಳೆಯ ಅರದಿಂದ ಉಳಿ ಮಾಡಬೇಡಿ, ಸಿಕ್ಕಿಕೊಂಡರೆ ಅದು ಮುರಿದು ಸಿಡಿಯುತ್ತದೆ.

ವೇಗದಲ್ಲಿ ಲೋಹದ ಲೇತ್ ತುಸು ಹಿಂದೆ. ಬಹಳಷ್ಟು ಯಂತ್ರಗಳು ನಿಮಿಷಕ್ಕೆ 1200ರಿಂದ 2000 ಸುತ್ತಿಗೆ ನಿಲ್ಲುತ್ತವೆ. 100 ಮಿ.ಮೀ. ವ್ಯಾಸದ ತುಂಡಿಗೆ ಅಷ್ಟು ಧಾರಾಳ. 25 ಮಿ.ಮೀ. ತುಂಡಿಗೆ ಸಾಲದು, ಅಲ್ಲಿ ಉಳಿಯನ್ನು ನಿಧಾನವಾಗಿ ಸರಿಸಬೇಕು, ಅಲಗು ಹರಿತವಿರಬೇಕು. ತುಂಡು ಪೂರ್ತಿ ದುಂಡಾಗುವವರೆಗೆ 500 ಸುತ್ತು ಮೀರಬೇಡಿ. ಚಕ್ ಮೇಲೆ ಕೆತ್ತಿರುವ ವೇಗದ ಮಿತಿಯನ್ನೂ ದಾಟಬೇಡಿ.

ಹಿಡಿಯ ತುದಿ ಕೊಳವೆಯೊಳಗೆ ಬಿಗಿಯಾಗಿ ಕೂರಬೇಕೆಂಬಂಥ ನಿಖರ ಅಳತೆಗೆ ಟೂಲ್ ಪೋಸ್ಟೇ ಒಳ್ಳೆಯದು. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್‌ನ ಮೂತಿ ದುಂಡಾಗಿರಲಿ, ಮೇಲಿನ ಇಳಿಜಾರು 25 ಡಿಗ್ರಿ, ಮುಂದಿನ ಕ್ಲಿಯರೆನ್ಸ್ (ಮರಕ್ಕೆ ತಾಗದಂತೆ ಬಿಡುವ ಓರೆ) 15 ಡಿಗ್ರಿ, ಪ್ರತಿ ಸುತ್ತಿಗೂ ಫೀಡ್ (ಬಿಟ್ ಸರಿಯುವ ದೂರ) 0.1 ಮಿ.ಮೀ. ಉಕ್ಕಿಗೆ ಮಸೆದ ಬಿಟ್ ಮರದ ನಾರನ್ನು ಕತ್ತರಿಸದೆ ಕಿತ್ತುಹಾಕುತ್ತದೆ.

ಉಜ್ಜುವಾಗ ರೆಸ್ಟ್ ತೆಗೆದಿಡಿ. ಇಲ್ಲವಾದರೆ ಬೆರಳು ನಡುವೆ ಸಿಲುಕುತ್ತದೆ. ಉಜ್ಜುಕಾಗದದ ಪುಡಿಯೇ ಬೆಡ್‌ಗೆ ಹೆಚ್ಚು ಅಪಾಯ, ಕಾಗದದ ಹೊದಿಕೆ ಆಗಲೂ ಇರಲಿ. ಚಕ್ ಬೇರೆ ಬೀಗವಿಲ್ಲದೆ ಸ್ಪಿಂಡಲ್ ಮೂತಿಗೆ ಸ್ಕ್ರೂನಂತೆ ತಿರುಗಿಸಿ ಕೂರಿಸಿದ್ದಾಗಿದ್ದರೆ ಲೇತನ್ನು ಹಿಮ್ಮುಖವಾಗಿ ತಿರುಗಿಸಬೇಡಿ, ಬಿಚ್ಚಿಕೊಂಡು ಬೀಳುತ್ತದೆ. ಮುಖಕ್ಕೆ ಶೀಲ್ಡ್ ಬೇಕು, ಧೂಳಿಗೆ ಮಾಸ್ಕ್ ಬೇಕು, ಕೈಗವಸು ಮಾತ್ರ ಬೇಡ.

ಮುಗಿದ ಕೂಡಲೇ ಹೊಟ್ಟನ್ನು ವ್ಯಾಕ್ಯೂಮ್‌ನಿಂದ ಎಳೆಯಿರಿ. ಗಾಳಿ ಊದಿದರೆ ಅದು ಸ್ಲೈಡ್‌ಗಳೊಳಗೆ ಹೋಗಿ ಕೂರುತ್ತದೆ. ಚಕ್‌ನ ಜಾಗಳನ್ನು ಬಿಚ್ಚಿ ಒಳಭಾಗ ತೊಳೆದು, ಬೆಡ್‌ಗೆ ಅದೇ ದಿನ ಹೊಸ ಎಣ್ಣೆ ಹಚ್ಚಿ.