ಹೋಶೇಯನನ್ನು ನಾಲ್ಕನೇ ಅಧ್ಯಾಯದಿಂದ ಓದಿಸಿದೆ: ನನ್ನ ಅನುಭವ

ನಮ್ಮ ಸಭೆಯ ಬೈಬಲ್ ಕೂಟದಲ್ಲಿ ಹಳೆಯ ಒಡಂಬಡಿಕೆಯ ಪ್ರವಾದಿ ಹೋಶೇಯನ ಪುಸ್ತಕ ಓದಿಸುವ ಸರದಿ ನನಗೆ ಬಂತು. ಇರುವುದು 14 ಅಧ್ಯಾಯ. ಸಾಮಾನ್ಯವಾಗಿ ಎಲ್ಲರೂ ಗೋಮೆರಳಿಂದಲೇ ಶುರು ಮಾಡುತ್ತಾರೆ. ಪ್ರವಾದಿಯ ಹೆಂಡತಿ ದಾರಿ ತಪ್ಪಿದಳು, ಇಸ್ರಾಯೇಲರೂ ದೇವರಿಗೆ ಹಾಗೇ ಮಾಡಿದರು ಅಂತ. ಆಮೇಲೆ ಮಾತು ಹೆಂಗಸರ ನಡತೆಗೆ ಬಂದು ನಿಲ್ಲುತ್ತದೆ. ಗಂಡಸರು ಆರಾಮಾಗಿ ತಲೆಯಾಡಿಸುತ್ತಾರೆ. ಅದಕ್ಕೇ ನಾನು ನಾಲ್ಕನೇ ಅಧ್ಯಾಯ ತೆಗೆಸಿದೆ.

ಅಲ್ಲಿ ಪ್ರವಾದಿ ಬೈಯುವುದು ಯಾಜಕರನ್ನು. ಜನರ ಪಾಪವೇ ಅವರಿಗೆ ಊಟ ಅನ್ನುತ್ತಾನೆ. 14ನೇ ವಚನ (4:14) ಇನ್ನೂ ಖಾರ. ನಿಮ್ಮ ಹೆಣ್ಣುಮಕ್ಕಳನ್ನು ದೇವರು ದಂಡಿಸುವುದಿಲ್ಲ, ಯಾಕಂದರೆ ಗಂಡಸರೇ ಸೂಳೆಯರ ಹಿಂದೆ ಹೋಗುತ್ತಿದ್ದಾರೆ ಎಂಬ ಅರ್ಥದ ಮಾತು ಅದು. "ಅಕ್ಕಾ, ಇದನ್ನ ಯಾರೂ ಪ್ರಸಂಗದಲ್ಲಿ ಹೇಳೇ ಇಲ್ವಲ್ಲ?" ಅಂದಳು ಒಬ್ಬ ಹುಡುಗಿ. ಇನ್ನೊಂದು ಸಲ ಓದು ಅಂದೆ.

ಆಮೇಲೆ 2:8. ಧಾನ್ಯ, ದ್ರಾಕ್ಷಾರಸ, ಎಣ್ಣೆ ಕೊಟ್ಟವನು ನಾನೇ ಅಂತ ಅವಳಿಗೆ, ಅಂದರೆ ಹೆಂಡತಿಯಂತಿದ್ದ ಇಸ್ರಾಯೇಲಿಗೆ, ತಿಳಿಯಲಿಲ್ಲ ಎಂದು ದೇವರು ನೊಂದುಕೊಳ್ಳುತ್ತಾನೆ. ಇಡೀ ಪುಸ್ತಕದ ಬೇರು ಇಲ್ಲಿದೆ ಅಂತ ನನಗೆ ಅನಿಸುತ್ತದೆ. ಅದು ರಾಜ ಎರಡನೇ ಯಾರೊಬ್ಬಾಮನ ಕಾಲ, ಇಸ್ರಾಯೇಲ್ ಎಂಬ ಉತ್ತರದ ರಾಜ್ಯದಲ್ಲಿ ದುಡ್ಡು ಓಡಾಡುತ್ತಿತ್ತು. ಯಾರೂ ತಮ್ಮ ದೇವರಾದ ಯೆಹೋವನನ್ನು ಬಿಟ್ಟಿರಲಿಲ್ಲ. ಹಬ್ಬ, ಸಬ್ಬತ್ (ವಾರದ ವಿಶ್ರಾಂತಿ ದಿನ) ಎಲ್ಲ ನಡೆದೇ ಇತ್ತು. ಮಳೆ ಬೆಳೆಗೆ ಮಾತ್ರ ಕಾನಾನ್ಯರ ದೇವರು ಬಾಳನೂ ಇರಲಿ ಅಂತ. 1910ರಲ್ಲಿ ಆ ರಾಜ್ಯದ ರಾಜಧಾನಿ ಸಮಾರ್ಯದಲ್ಲಿ ಅಗೆದಾಗ ಹೋಶೇಯನ ಕಾಲದ್ದೇ ಆದ ಕ್ರಿ.ಪೂ. ಎಂಟನೇ ಶತಮಾನದ ಮಡಕೆ ಚೂರುಗಳು ಸಿಕ್ಕವು. ಅವುಗಳ ಮೇಲೆ ದ್ರಾಕ್ಷಾರಸ, ಎಣ್ಣೆಯ ಲೆಕ್ಕ ಬರೆದಿದೆ. ಅದರಲ್ಲಿ ಬರುವ ಜನರ ಹೆಸರುಗಳಲ್ಲಿ ಕೆಲವು ಯೆಹೋವನ ಹೆಸರು ಸೇರಿದವು, ಕೆಲವು ಬಾಳನ ಹೆಸರು ಸೇರಿದವು. ಇದನ್ನು ಹೇಳಿದ ಮೇಲೆ ಕೂಟದವರಿಗೆ ವಿಷಯ ಸರಿಯಾಗಿ ಹಿಡಿಯಿತು.

ನಮ್ಮಲ್ಲಿ ವಿಗ್ರಹ ಅಂದ ಕೂಡಲೇ ಪಕ್ಕದ ಮನೆಯವರ ಪೂಜೆ ನೆನಪಾಗುತ್ತದೆ. ನಾನು ಆ ಮಾತು ಎತ್ತಲು ಬಿಡುವುದಿಲ್ಲ. ಹೋಶೇಯನ ಜಗಳ ಸ್ವಂತ ಮನೆಯವರ ಜೊತೆ. ಮೋಸದ ತಕ್ಕಡಿ (12:7), ಒಮ್ಮೆ ಐಗುಪ್ತ (ಈಜಿಪ್ಟ್) ಒಮ್ಮೆ ಅಶ್ಶೂರ (ಅಸ್ಸೀರಿಯಾ) ಅಂತ ದೊಡ್ಡವರ ಬೆನ್ನು ಹತ್ತುವುದು (7:11), ಇವೂ ಅವನ ಲೆಕ್ಕದಲ್ಲಿ ದ್ರೋಹವೇ. ದಿನಸಿ ಅಂಗಡಿ ಇಟ್ಟಿರುವ ಅಂಕಲ್ ಒಬ್ಬರು, "ಏನಮ್ಮಾ, ಬಾಳನಿಂದ ತಕ್ಕಡಿಗೇ ಬಂದುಬಿಟ್ಟನಲ್ಲ ಪ್ರವಾದಿ!" ಅಂದರು. ಎಲ್ಲರೂ ನಕ್ಕರು. ಅವರು ಮಾತ್ರ ನಗಲಿಲ್ಲ. ಕಾಣಿಕೆ ಹಾಕಿದರೆ ವೀಸಾ ಸಿಗುತ್ತೆ, ಸೈಟ್ ಸಿಗುತ್ತೆ ಅನ್ನುವ ಪ್ರಾರ್ಥನೆಗಳ ಬಗ್ಗೆ ಆಮೇಲೆ ಅವರೇ ಮಾತು ತೆಗೆದರು.

ಮದುವೆಯ ಕಥೆ, ಅಂದರೆ 1ರಿಂದ 3ನೇ ಅಧ್ಯಾಯ, ಕೊನೆಗೆ. 2:3ರಲ್ಲಿ ಹೆಂಡತಿಯನ್ನು ಬೆತ್ತಲೆ ಮಾಡುವ ಬೆದರಿಕೆ ಇದೆ. ಮನೆಯಲ್ಲಿ ಏಟು ತಿನ್ನುವ ಹೆಂಗಸರೂ ಕೂಟಕ್ಕೆ ಬರುತ್ತಾರೆ. ಹಾಗಾಗಿ ಓದುವ ಮೊದಲೇ ಹೇಳಿದೆ: ಇದು ಒಂದು ಜನಾಂಗದ ಮೇಲಿನ ದೂರು, ಯಾವ ಗಂಡನಿಗೂ ಕೊಟ್ಟ ಅಪ್ಪಣೆ ಅಲ್ಲ. ಇಂಥದೇ ಬೆದರಿಕೆ ಇರುವ ಯೆಹೆಜ್ಕೇಲ 16 ಮತ್ತು 23ನ್ನು ಕೂಟದಲ್ಲಿ ಗಟ್ಟಿಯಾಗಿ ಓದಿಸುವುದೇ ಇಲ್ಲ.

ಹೋಶೇಯ 6:6ಕ್ಕೆ ಮತ್ತಾಯ 9:13 ಜೋಡಿಸಿ ಓದಿದೆವು. ಯಜ್ಞ ಬೇಡ, ಕರುಣೆ ಬೇಕು ಅನ್ನುವ ಮಾತನ್ನು ಯೇಸು ತೆಗೆದದ್ದು ಜನ ಕೀಳಾಗಿ ಕಾಣುತ್ತಿದ್ದ ಸುಂಕದವರ ಜೊತೆ ಊಟಕ್ಕೆ ಕೂತಿದ್ದಾಗ. ಭಕ್ತಸ್ಥರೇ ಆಗ ತಕರಾರು ಮಾಡಿದ್ದು. ನಮ್ಮ ಸಭೆಯಲ್ಲಿ ಯಾರು ಯಾರ ಮನೆಯಲ್ಲಿ ಊಟ ಮಾಡುವುದಿಲ್ಲ ಅನ್ನುವ ಚರ್ಚೆ ಅಲ್ಲಿಂದ ಶುರುವಾಯಿತು. ಅದಿನ್ನೂ ಮುಗಿದಿಲ್ಲ.